ರಕ್ತ ಕೊಟ್ಟವರಿಗೂ ಲೆಕ್ಕ ಸಿಗಲಿ

ಕೊರೊನಾ ಎಷ್ಟು ಜನರನ್ನು ಮುಟ್ಟಿ ಹೋಗಿದೆ ಎಂದು ತಿಳಿಯಲು 2020ರಲ್ಲಿ ಕರ್ನಾಟಕದಲ್ಲಿ ಎರಡು ದೊಡ್ಡ ಸಮೀಕ್ಷೆಗಳು ನಡೆದವು. ಎರಡೂ ರಕ್ತದಲ್ಲಿ ಪ್ರತಿಕಾಯಗಳನ್ನು ಹುಡುಕಿದವು. ಸೆಪ್ಟೆಂಬರ್‌ನಲ್ಲಿ ನಡೆದ ಸರ್ಕಾರದ ಸಮೀಕ್ಷೆ ಆಸ್ಪತ್ರೆಗಳನ್ನು ನೆಚ್ಚಿಕೊಂಡು ಗರ್ಭಿಣಿಯರು, ರೋಗಿಗಳ ಜೊತೆ ಬಂದವರು, ಬಸ್ ಕಂಡಕ್ಟರ್‌ಗಳು, ಹಿರಿಯರು ಮುಂತಾದ ಗುಂಪುಗಳನ್ನು ಪರೀಕ್ಷಿಸಿತು. ಹಿಂದೆ ಬಂದು ಹೋದ ಸೋಂಕು, ಆಗ ಇದ್ದ ಸೋಂಕು ಎರಡನ್ನೂ ಸೇರಿಸಿ ಅದು ಕೊಟ್ಟ ಅಂಕಿ ಸುಮಾರು ಶೇ. 27. ಮನೋಜ್ ಮೋಹನನ್, ಅನೂಪ್ ಮಲಾನಿ ಮೊದಲಾದ ಸಂಶೋಧಕರ ತಂಡ ಅದಕ್ಕೂ ಮುಂಚೆ, ಜೂನ್‌ನಿಂದ ಆಗಸ್ಟ್‌ವರೆಗೆ, ರಾಜ್ಯವನ್ನು ಪ್ರತಿನಿಧಿಸುವಂಥ ಮನೆಗಳನ್ನು ಆರಿಸಿಕೊಂಡು ನಡೆಸಿದ ಅಧ್ಯಯನದಲ್ಲಿ ಪ್ರತಿಕಾಯ ಕಂಡದ್ದು ಶೇ. 46.7 ಮಂದಿಯಲ್ಲಿ. ಹಳ್ಳಿಗಳಲ್ಲೇ ಶೇ. 44.1.

ಪರೀಕ್ಷೆಯ ವಿಧಾನ ಬೇರೆಯಾದದ್ದರಿಂದಲೂ ಅಂತರ ಬಂದಿರಬಹುದು. ಆದರೂ ನನ್ನ ಒಲವು ಮನೆಗಳಿಂದ ಹೊರಟ ಲೆಕ್ಕದ ಕಡೆಗೆ. ಆಸ್ಪತ್ರೆಗೂ ಪೇಟೆಗೂ ಬಾರದವರು ಮನೆಯಲ್ಲಿ ಸಿಗುತ್ತಾರೆ.

ಮನೆ ಎಂದರೆ ಯಾವುದು ಎಂಬ ಪ್ರಶ್ನೆ ಮಾತ್ರ ಕುಂದಾಪುರದ ಕೋಡಿಯಂಥ ಕಡಲ ತೀರದ ಊರಿನಲ್ಲಿ ಸುಲಭದ್ದಲ್ಲ. ಬೋಟಿಗೆ ಹೋದವರು ದಿನಗಟ್ಟಲೆ ಕಡಲಿನಲ್ಲಿರುತ್ತಾರೆ. ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈಯಲ್ಲಿ ಅವರೇ ಊರಲ್ಲಿ. ಈ ಸೀಮೆಯ ಎಷ್ಟೋ ಮನೆಗಳ ಮಕ್ಕಳು ಮುಂಬೈ, ಬೆಂಗಳೂರಿನ ಹೋಟೆಲುಗಳಲ್ಲಿ ದುಡಿಯುತ್ತಾರೆ. 2020ರ ಮೇ ತಿಂಗಳಲ್ಲಿ ಮುಂಬೈಯಿಂದ ಮರಳಿದವರಿಂದಲೇ ಉಡುಪಿ ಜಿಲ್ಲೆಯ ಸೋಂಕಿನ ಅಂಕಿ ಏರಿತು. ಸಮೀಕ್ಷೆಯವರು ಬಾಗಿಲು ತಟ್ಟುವ ತಿಂಗಳು ಬದಲಾದರೆ ಇಲ್ಲಿ ಮನೆಯೊಳಗಿನ ಜನರೇ ಬದಲಾಗುತ್ತಾರೆ.

ಆದ್ದರಿಂದ ಒಮ್ಮೆ ಬಂದು ಹೋದರೆ ಸಾಲದು. ಸೋಂಕು ತಗುಲಿ ಸುಮಾರು ಎರಡು ವಾರ ಕಳೆದ ಮೇಲೆ ಐಜಿಜಿ ಎಂಬ ಬಗೆಯ ಪ್ರತಿಕಾಯ ಚೆನ್ನಾಗಿ ಕಾಣಿಸುತ್ತದೆ, ತಿಂಗಳುಗಳು ಕಳೆದಂತೆ ಇಳಿಯುತ್ತದೆ. ಒಂದೇ ಸಲದ ಪರೀಕ್ಷೆಯಲ್ಲಿ 'ಇಲ್ಲ' ಎಂದು ಬಂದರೆ, ಕಾಯಿಲೆ ಬರಲೇ ಇಲ್ಲವೋ ಬಂದು ಕುರುಹು ಮಾಸಿತೋ ಹೇಳಲಾಗದು. ಪ್ರತಿಕಾಯ ಇಳಿದ ಮಾತ್ರಕ್ಕೆ ರಕ್ಷಣೆ ಪೂರ್ತಿ ಹೋಯಿತೆಂದೂ ಅಲ್ಲ. ಸೋಂಕನ್ನು ನೆನಪಿಟ್ಟುಕೊಂಡ ಜೀವಕೋಶಗಳು ಉಳಿದಿರುತ್ತವೆ. ಒಬ್ಬೊಬ್ಬರ ದೇಹ ಸೋಂಕನ್ನು ಹೇಗೆ ಎದುರಿಸಿತು ಎಂದು ತಿಳಿಯಬೇಕಾದರೆ ಅವರನ್ನೇ ಮತ್ತೆ ಮತ್ತೆ ಪರೀಕ್ಷಿಸಬೇಕು. ಇದಕ್ಕೆ ಸಿರಿಂಜೇ ಬೇಕೆಂದಿಲ್ಲ. ಬೆರಳು ಚುಚ್ಚಿ, ವಿಶೇಷ ಕಾಗದದ ಮೇಲೆ ನಾಲ್ಕು ಹನಿ ಒಣಗಿಸಿ, ಅಂಚೆಯಲ್ಲಿ ಕಳಿಸುವ ವಿಧಾನವಿದೆ. ಕಡಲಿನಿಂದ ಬಂದವರೂ ಮುಂಬೈಯಲ್ಲಿರುವವರೂ ತಾವಿದ್ದಲ್ಲಿಂದಲೇ ಕಳಿಸಬಹುದು.

ಇಂಥ ಅಧ್ಯಯನವನ್ನು ನಾನು ಅಳೆಯುವುದು ಇನ್ನೊಂದು ಕೋಲಿನಿಂದ. ಬೆರಳು ಕೊಟ್ಟ ಅಜ್ಜಿ ವಾರ ಬಿಟ್ಟು ಕೇಳುವುದು ರಾಜ್ಯದ ಶೇಕಡಾವಾರು ಅಲ್ಲ. "ಹ್ವಾಯ್, ನಂದ್ ಎಂತ ಬಂತ್?" ಎಂದು ಕೇಳುತ್ತಾರೆ. ಫಲಿತಾಂಶದ ಚೀಟಿ ಕೈಗಿಟ್ಟು, ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಅವರ ಮಾತಿನಲ್ಲೇ ಬಿಡಿಸಿ ಹೇಳುವವರು ಬೇಕು. ಆ ಉತ್ತರ ಸಿಕ್ಕ ಮನೆಯ ಬಾಗಿಲು ಎರಡನೆಯ ಸಲವೂ ತೆರೆಯುತ್ತದೆ. ಎರಡನೆಯ ಹನಿ ಸಿಗದೆ ಅಧ್ಯಯನವೂ ಮುಂದೆ ಹೋಗದು.