ಒತ್ತಡದ ರಜೆಯೂ ಶಾಲೆಯ ಹೊಣೆಯೂ

ಕೆಲಸದ ಒತ್ತಡದಿಂದ ಕಾಯಿಲೆ ಬಿದ್ದ ಶಿಕ್ಷಕರಿಗೆ ಸಂಬಳಸಹಿತ ರಜೆ ಕೊಡುವ ಪದ್ಧತಿ ಇಂಗ್ಲೆಂಡಿನ ಶಾಲೆಗಳಲ್ಲಿ ಬೇರೂರಿ ಬಹುಕಾಲವಾಗಿದೆ. ಆದರೂ ಅದರ ಬಗೆಗಿನ ಅನುಮಾನ ಇನ್ನೂ ತೀರಿಲ್ಲ. ಕಾಲು ಮುರಿದುಕೊಂಡ ಶಿಕ್ಷಕನ ರಜೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ತಿಂಗಳುಗಟ್ಟಲೆ ನಿದ್ದೆಗೆಟ್ಟು ತರಗತಿಯ ಬಾಗಿಲಲ್ಲೇ ಕಾಲು ನಡುಗುವ ಶಿಕ್ಷಕಿಯ ರಜೆ ಮಾತ್ರ ಸಿಬ್ಬಂದಿ ಕೊಠಡಿಯಿಂದ ಪತ್ರಿಕೆಗಳವರೆಗೆ ಎಲ್ಲರ ಬಾಯಿಗೆ ಬೀಳುತ್ತದೆ. ಈ ರಜೆಯನ್ನು ಕುರಿತು ನಾಲ್ಕು ಬಗೆಯ ಮನೋಭಾವಗಳು ಕಾಣುತ್ತವೆ: ಅದು ದುರುಪಯೋಗ, ಅದು ದೌರ್ಬಲ್ಯ, ಅದು ಮಕ್ಕಳಿಗೆ ಆಗುವ ನಷ್ಟ, ಅದು ಅನುಕಂಪಕ್ಕೆ ಅರ್ಹವಾದ ಖಾಸಗಿ ಸಂಕಟ. ನಾಲ್ಕರಲ್ಲೂ ಒಂದಿಷ್ಟು ಸತ್ಯವಿದೆ. ನಾಲ್ಕೂ ಒಂದೇ ಕಡೆ ಎಡವುತ್ತವೆ.

ಮೊದಲು ನಿಯಮವನ್ನು ನೋಡಬೇಕು. ಒತ್ತಡಕ್ಕೆಂದೇ ಬೇರೆ ರಜೆ ಇಲ್ಲ. ಅದು ಅನಾರೋಗ್ಯದ ರಜೆಯ ಲೆಕ್ಕಕ್ಕೇ ಸೇರುತ್ತದೆ. ಸ್ಥಳೀಯಾಡಳಿತದ ಶಾಲೆಗಳ ಶಿಕ್ಷಕರ ಸೇವಾ ಷರತ್ತುಗಳು ‘ಬರ್ಗಂಡಿ ಬುಕ್’ ಎಂದು ಕರೆಯುವ ರಾಷ್ಟ್ರೀಯ ಒಪ್ಪಂದದಲ್ಲಿವೆ. ಅದರ ಪ್ರಕಾರ ಸೇವೆಯ ಮೊದಲ ವರ್ಷದಲ್ಲಿ ಪೂರ್ಣ ಸಂಬಳದ ರಜೆ 25 ಕೆಲಸದ ದಿನ. ನಾಲ್ಕು ತಿಂಗಳ ಸೇವೆ ಮುಗಿದ ಮೇಲೆ ಅರ್ಧ ಸಂಬಳದ 50 ದಿನ. ಸೇವೆ ಕಳೆದಂತೆ ಇದು ಏರುತ್ತ ನಾಲ್ಕನೆಯ ವರ್ಷದಿಂದ ಪೂರ್ಣ ಸಂಬಳದ 100 ದಿನ, ಅರ್ಧ ಸಂಬಳದ 100 ದಿನ ಆಗುತ್ತದೆ. ಶಿಕ್ಷಕರ ಕೆಲಸದ ವರ್ಷವೇ 195 ದಿನ ಎಂಬುದನ್ನು ನೆನೆದರೆ ಇದು ಉದಾರ ಏರ್ಪಾಡು. ಅಕಾಡೆಮಿ ಎಂಬ ಸ್ವಾಯತ್ತ ಶಾಲೆಗಳು ಬೇರೆ ಷರತ್ತು ಹಾಕಬಹುದು. ಮೊದಲ ಏಳು ದಿನಕ್ಕೆ ಶಿಕ್ಷಕರ ಸ್ವಂತ ಹೇಳಿಕೆ ಸಾಕು. ಅದಕ್ಕೂ ಮುಂದುವರಿದರೆ ವೈದ್ಯಕೀಯ ಪ್ರಮಾಣಪತ್ರ ಬೇಕು. 2010ರಿಂದ ಈ ಪತ್ರದ ಹೆಸರು ‘ಫಿಟ್ ನೋಟ್’. ಕೆಲಸವನ್ನು ಬದಲಿಸಿಕೊಟ್ಟರೆ ರೋಗಿ ದುಡಿಯಬಲ್ಲನೇ ಎಂಬುದನ್ನೂ ವೈದ್ಯರು ಅದರಲ್ಲಿ ಬರೆಯಬಹುದು.

ಈ ಔದಾರ್ಯವೇ ಮೊದಲನೆಯ ಮನೋಭಾವಕ್ಕೆ ಇಂಬು ಕೊಡುತ್ತದೆ. ಒತ್ತಡಕ್ಕೆ ರಕ್ತಪರೀಕ್ಷೆ ಇಲ್ಲ, ಎಕ್ಸ್‌ರೇ ಇಲ್ಲ. ಹೇಳಿದ್ದನ್ನೇ ವೈದ್ಯರು ಬರೆದುಕೊಡುತ್ತಾರೆ ಎಂಬುದು ಆಕ್ಷೇಪ. ವೈದ್ಯರು ರೋಗಿಯ ಮಾತನ್ನು ನೆಚ್ಚುತ್ತಾರೆ ಎಂಬುದು ನಿಜ. ಬೆನ್ನುನೋವಿಗೂ ಅರೆತಲೆನೋವಿಗೂ ಅದೇ ಮಾತು ಸಲ್ಲುತ್ತದೆ. ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅಲ್ಲದೆ ರಜೆ ಬೆಳೆದಂತೆ ಸಂಬಳ ಅರ್ಧಕ್ಕಿಳಿಯುತ್ತದೆ, ಶಾಲೆ ಶಿಕ್ಷಕರನ್ನು ಔದ್ಯೋಗಿಕ ಆರೋಗ್ಯ ತಜ್ಞರ ಬಳಿಗೆ ಕಳುಹಿಸುತ್ತದೆ, ಮರಳಿದಾಗ ವಿಚಾರಣೆಯ ಸಭೆ ನಡೆಯುತ್ತದೆ. ಸೇವಾ ದಾಖಲೆಯಲ್ಲಿ ಉಳಿಯುವ ‘ಒತ್ತಡ’ ಎಂಬ ಕಾರಣ ಮುಂದಿನ ಕೆಲಸಕ್ಕೆ ಅಡ್ಡಿಯಾದೀತೆಂಬ ಅಳುಕೂ ಇರುತ್ತದೆ. ಇಷ್ಟನ್ನು ಮೈಮೇಲೆ ಎಳೆದುಕೊಂಡು ಸುಳ್ಳು ಹೇಳುವವರು ಇರಬಹುದು. ಅವರನ್ನು ಹಿಡಿಯಲು ನಿಯಮಗಳಿವೆ. ಅವರಿಗಾಗಿ ಕಾಯಿಲೆ ಬಿದ್ದವರೆಲ್ಲರನ್ನೂ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಎರಡನೆಯ ಮನೋಭಾವ ಇನ್ನೂ ಆಳವಾದುದು: ಕಾಯಿಲೆ ಸುಳ್ಳಲ್ಲ, ಆದರೆ ಗಟ್ಟಿ ಮನಸ್ಸಿನವರಿಗೆ ಅದು ಬರುವುದಿಲ್ಲ ಎಂಬ ನಂಬಿಕೆ. 2012ರ ಮೇ ತಿಂಗಳಲ್ಲಿ ಶಾಲಾ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್‌ನ ಮುಖ್ಯಸ್ಥ ಮೈಕೇಲ್ ವಿಲ್ಶಾ ಅವರು, 1950 ಮತ್ತು 60ರ ದಶಕಗಳಲ್ಲಿ ಕೆಲಸಕ್ಕಾಗಿ ಅಲೆದ ತಮ್ಮ ತಂದೆ ಅನುಭವಿಸಿದ್ದು ಒತ್ತಡ ಎಂಬರ್ಥದ ಮಾತಾಡಿದರು. ಶಿಕ್ಷಕರ ಸಂಘಟನೆಗಳು ಕೆರಳಿದವು. ಆ ತಂದೆಯ ಕಷ್ಟ ದೊಡ್ಡದೇ. ಆದರೆ ಒಬ್ಬರ ಬವಣೆ ಇನ್ನೊಬ್ಬರ ಕಾಯಿಲೆಯನ್ನು ಅಳೆಯುವ ಮಾನದಂಡವಲ್ಲ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಪ್ರಾಧಿಕಾರದ ವ್ಯಾಖ್ಯೆಯಂತೆ, ಮಿತಿಮೀರಿದ ಒತ್ತಾಯ ಮತ್ತು ಬೇಡಿಕೆಗಳಿಗೆ ಮನುಷ್ಯನಲ್ಲಿ ಉಂಟಾಗುವ ಪ್ರತಿಕೂಲ ಪ್ರತಿಕ್ರಿಯೆಯೇ ಒತ್ತಡ. ಇದನ್ನು ಒಪ್ಪಿದರೆ ಮನಸ್ಸು ಎಷ್ಟು ಗಟ್ಟಿ ಎಂದು ಕೇಳುವುದರ ಜೊತೆಗೆ ಹೊರೆ ಎಷ್ಟು ಎಂದೂ ಕೇಳಲೇಬೇಕಾಗುತ್ತದೆ.

ಸಾಮರ್‌ಸೆಟ್ ಕೌಂಟಿಯ ಗಣಿತ ಶಿಕ್ಷಕರೊಬ್ಬರ ಮೊಕದ್ದಮೆ ಇದಕ್ಕೆ ಸ್ಪಷ್ಟ ನಿದರ್ಶನ. ವಿಭಾಗದ ಹೊಣೆ ಹೊತ್ತಿದ್ದ ಅನುಭವಿ ಅವರು. ಶಾಲೆಯ ಪುನರ್ರಚನೆಯಲ್ಲಿ ಆ ಹುದ್ದೆ ಹೋಗಿ, ಸಂಬಳ ಉಳಿಸಿಕೊಳ್ಳಲು ಹೆಚ್ಚಿನ ಜವಾಬ್ದಾರಿ ವಹಿಸಿಕೊಳ್ಳಬೇಕಾಯಿತು. ಕೆಲಸ ವಾರಕ್ಕೆ 61–70 ಗಂಟೆಗಳಷ್ಟಾಯಿತು. 1996ರ ಮೇ ತಿಂಗಳಲ್ಲಿ ಒತ್ತಡ ಮತ್ತು ಖಿನ್ನತೆಯ ಕಾರಣಕ್ಕೆ ಮೂರು ವಾರ ರಜೆ ಹಾಕಿದರು. ಮರಳಿದ ಮೇಲೆ ಶಾಲೆಯ ಹಿರಿಯರಲ್ಲಿ ತಮ್ಮ ಪಾಡು ಹೇಳಿಕೊಂಡರು. ಒತ್ತಡ ಎಲ್ಲರಿಗೂ ಇದ್ದದ್ದೇ ಎಂಬ ಧಾಟಿಯ ಉತ್ತರವೂ ಸಿಕ್ಕಿತು. ಹೊರೆ ಇಳಿಯಲಿಲ್ಲ. ನವೆಂಬರಿನಲ್ಲಿ ತರಗತಿಯಲ್ಲೇ ಹತೋಟಿ ತಪ್ಪಿ ವಿದ್ಯಾರ್ಥಿಯೊಬ್ಬನನ್ನು ಹಿಡಿದು ಅಲುಗಾಡಿಸಿದರು. ಅಂದು ಶಾಲೆ ಬಿಟ್ಟವರು ಮತ್ತೆ ಪಾಠ ಹೇಳಲು ಬರಲಿಲ್ಲ. 2004ರಲ್ಲಿ, ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅವರ ಪರ ತೀರ್ಪು ಕೊಟ್ಟಿತು. ಕಾಯಿಲೆ ರಜೆಯಿಂದ ಮರಳಿದ ಶಿಕ್ಷಕರ ಸ್ಥಿತಿಯನ್ನು ವಿಚಾರಿಸಿ, ಹೊರೆ ಹಗುರಮಾಡುವ ದಾರಿ ಹುಡುಕಬೇಕಾಗಿತ್ತು. ಆ ಕರ್ತವ್ಯ ನೆರವೇರಲಿಲ್ಲ ಎಂಬುದು ಅದರ ಸಾರ. ಮೂರು ವಾರದ ಸಂಬಳ ಕೊಟ್ಟು ಪ್ರಯೋಜನವಾಗಲಿಲ್ಲ. ಮುನ್ಸೂಚನೆಯಾಗಿದ್ದ ಆ ರಜೆಯನ್ನು ಯಾರೂ ಹಾಗೆ ಓದಲಿಲ್ಲ.

ಇದೇ ಪ್ರಕರಣವೂ ಸೇರಿದಂತೆ ನಾಲ್ಕು ಮೊಕದ್ದಮೆಗಳನ್ನು 2002ರಲ್ಲಿ ಒಟ್ಟಿಗೆ ತೀರ್ಮಾನಿಸಿದ್ದ ಮೇಲ್ಮನವಿ ನ್ಯಾಯಾಲಯ, ಉದ್ಯೋಗಿಯ ತೊಂದರೆ ತಿಳಿಯದ ಹೊರತು ಅವರು ಕೆಲಸದ ಸಾಮಾನ್ಯ ಒತ್ತಡವನ್ನು ತಾಳಬಲ್ಲರೆಂದು ಮಾಲೀಕರು ಭಾವಿಸಬಹುದು ಎಂದಿತ್ತು. ಎಂದರೆ ಬಾಯಿಬಿಟ್ಟು ಹೇಳುವ ಹೊಣೆ ಬಹುಮಟ್ಟಿಗೆ ಶಿಕ್ಷಕರದು. ದೌರ್ಬಲ್ಯದ ಹಣೆಪಟ್ಟಿ ಹಚ್ಚುವ ಮನೋಭಾವದ ಪೂರ್ಣ ಹಾನಿ ಇಲ್ಲಿ ಕಾಣುತ್ತದೆ. ಹೇಳಬೇಕೆಂದು ಕಾನೂನು ಬಯಸುತ್ತದೆ. ಹೇಳಿದರೆ ಮರ್ಯಾದೆ ಹೋಗುತ್ತದೆಂದು ಸುತ್ತಲಿನವರ ವರ್ತನೆ ಕಲಿಸುತ್ತದೆ. ಹೀಗೆ ಸಣ್ಣ ರಜೆಯಲ್ಲಿ ಮುಗಿಯಬಹುದಾದದ್ದು ದೊಡ್ಡ ಕುಸಿತವಾಗುತ್ತದೆ.

ಮೂರನೆಯ ಮನೋಭಾವಕ್ಕೆ ಹೆಚ್ಚಿನ ತೂಕವಿದೆ. ಶಿಕ್ಷಕರು ತಿಂಗಳುಗಟ್ಟಲೆ ಬಾರದಿದ್ದರೆ ಮಕ್ಕಳ ಕಲಿಕೆ ತುಂಡಾಗುತ್ತದೆ. ಹದಿನಾರರ ವಯಸ್ಸಿನ ಜಿಸಿಎಸ್‌ಇ ಪರೀಕ್ಷೆಯ ವರ್ಷದಲ್ಲಂತೂ ಪೋಷಕರ ಆತಂಕ ಸಹಜ. ಬದಲಿ ಶಿಕ್ಷಕರಿಗೆ ಹಣ ಬೇಕು, ಉಳಿದ ಸಹೋದ್ಯೋಗಿಗಳಿಗೆ ಹೆಚ್ಚುವರಿ ಕೆಲಸ ಬೀಳುತ್ತದೆ. ಗೈರುಹಾಜರಾದವರ ತರಗತಿಯನ್ನು ಇತರ ಶಿಕ್ಷಕರು ಅಪರೂಪಕ್ಕೆ ಮಾತ್ರ ನೋಡಿಕೊಳ್ಳಬೇಕೆಂಬ ನಿಯಮ 2009ರಲ್ಲಿ ಬಂದರೂ ಪಾಠಯೋಜನೆ, ಉತ್ತರಪತ್ರಿಕೆ ತಿದ್ದುವುದು ಯಾರದಾದರೂ ಹೆಗಲೇರಲೇಬೇಕು. ಈ ನಷ್ಟವನ್ನು ಅಲ್ಲಗಳೆಯಲಾಗದು. ಆದರೆ ಹೋಲಿಕೆ ತಪ್ಪಿದೆ. ಕಾಯಿಲೆಯ ಶಿಕ್ಷಕರ ರಜೆಯನ್ನು ಆರೋಗ್ಯವಂತ ಶಿಕ್ಷಕರ ಪಾಠದೊಂದಿಗೆ ಹೋಲಿಸುವಂತಿಲ್ಲ. ಕಾಯಿಲೆಯಲ್ಲೇ ತರಗತಿಗೆ ಬಂದ ಶಿಕ್ಷಕರ ಪಾಠದೊಂದಿಗೆ ಹೋಲಿಸಬೇಕು. ತಾಳ್ಮೆ ಬತ್ತಿದವರ ಎದುರು ಕುಳಿತ ಮಕ್ಕಳು ಏನನ್ನು ಕಲಿಯುತ್ತಾರೆ, ಏನನ್ನು ಅನುಭವಿಸುತ್ತಾರೆ ಎಂಬುದಕ್ಕೆ ಸಾಮರ್‌ಸೆಟ್ಟಿನ ನವೆಂಬರ್ ಉತ್ತರ ಕೊಟ್ಟಿದೆ. ಸಂಬಳ ಕಡಿದರೆ ಬಾಡಿಗೆ, ಸಾಲದ ಕಂತುಗಳಿಗೆ ಹೆದರಿ ಶಿಕ್ಷಕರು ಅದೇ ಸ್ಥಿತಿಯಲ್ಲಿ ತರಗತಿಗೆ ಬರುತ್ತಾರೆ. ಸಂಬಳಸಹಿತ ರಜೆ ಮಕ್ಕಳನ್ನೂ ಕಾಯುತ್ತದೆ.

ನಾಲ್ಕನೆಯದು ಅನುಕಂಪ. 1877ರಲ್ಲಿ ಶಿಕ್ಷಕರ ನೆರವಿನ ನಿಧಿಯಾಗಿ ಆರಂಭವಾಗಿ ಇಂದು ಎಜುಕೇಶನ್ ಸಪೋರ್ಟ್ ಎಂಬ ಹೆಸರಿನಲ್ಲಿರುವ ದತ್ತಿ ಸಂಸ್ಥೆಯ ಸಹಾಯವಾಣಿಯಂಥ ಕೆಲಸ ಸ್ತುತ್ಯವೇ. ಆದರೆ ಶಾಲೆಯ ಅನುಕಂಪ ಧ್ಯಾನದ ತರಗತಿ, ಸಮಾಧಾನದ ಮಾತುಗಳಲ್ಲಿ ಮುಗಿದರೆ ಅದೂ ಕಾಯಿಲೆಯನ್ನು ವ್ಯಕ್ತಿಯೊಳಗೇ ಹುಡುಕಿದಂತಾಗುತ್ತದೆ. ಸುರಕ್ಷತಾ ಪ್ರಾಧಿಕಾರ 2004ರಲ್ಲಿ ಹೊರತಂದ ಮಾನದಂಡಗಳು ಆರು ಸಂಗತಿಗಳನ್ನು ಪರೀಕ್ಷಿಸಲು ಹೇಳುತ್ತವೆ: ಕೆಲಸದ ಬೇಡಿಕೆ, ಕೆಲಸದ ಮೇಲಿನ ಹಿಡಿತ, ಬೆಂಬಲ, ಸಂಬಂಧಗಳು, ಹೊಣೆಯ ಸ್ಪಷ್ಟತೆ, ಬದಲಾವಣೆಯನ್ನು ನಿಭಾಯಿಸುವ ಬಗೆ. ಆರೂ ಸಂಸ್ಥೆಯ ಗುಣಗಳು. ಒಂದೂ ಶಿಕ್ಷಕರ ಸ್ವಭಾವಕ್ಕೆ ಸೇರಿದ್ದಲ್ಲ.

ಹೊರೆಯ ಮೂಲವನ್ನು ಮುಟ್ಟುವುದು ಸಾಧ್ಯವೆಂದು ಇಂಗ್ಲೆಂಡೇ ತೋರಿಸಿದೆ. ತಿದ್ದುವ ಕೆಲಸ, ಪಾಠಯೋಜನೆ, ಅಂಕಿ-ಅಂಶ ನಿರ್ವಹಣೆ ಈ ಮೂರರ ಅನಗತ್ಯ ಹೊರೆಯನ್ನು ಕುರಿತ ಸ್ವತಂತ್ರ ವರದಿಗಳು 2016ರಲ್ಲಿ ಬಂದವು. 2023ರ ಜನವರಿಯಲ್ಲಿ ರೆಡಿಂಗಿನ ಮುಖ್ಯೋಪಾಧ್ಯಾಯಿನಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡರು. ಶಾಲಾ ತಪಾಸಣೆಯೂ ಅದಕ್ಕೆ ಕಾರಣವಾಗಿತ್ತೆಂದು ಅದೇ ವರ್ಷದ ಡಿಸೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ಹೇಳಿದರು. 2024ರ ಸೆಪ್ಟೆಂಬರಿನಲ್ಲಿ ಸರಕಾರಿ ಶಾಲೆಗಳನ್ನು ಒಟ್ಟಾರೆ ಒಂದೇ ಪದದಲ್ಲಿ ಅಳೆಯುವ ತೀರ್ಪನ್ನು ಆಫ್‌ಸ್ಟೆಡ್ ಕೈಬಿಟ್ಟಿತು. ಆ ಬದಲಾವಣೆಗೆ ಒಂದು ಜೀವ ಹೋಗಬೇಕಾಯಿತು ಎಂಬುದು ವ್ಯವಸ್ಥೆಯ ಮೇಲಿನ ಗಂಭೀರ ಆರೋಪ.

ನಾಲ್ಕೂ ಮನೋಭಾವಗಳು ಎಡವುವುದು ಇಲ್ಲಿಯೇ: ಅವು ರಜೆ ಹಾಕಿದವರನ್ನು ನೋಡುತ್ತವೆ, ರಜೆ ಹಾಕಿಸಿದ ಕೆಲಸವನ್ನು ನೋಡುವುದಿಲ್ಲ. ಸಂಬಳಸಹಿತ ರಜೆ ನ್ಯಾಯವಾದುದು, ಅಗತ್ಯವಾದುದು. ಅದು ಚಿಕಿತ್ಸೆಯ ಮೊದಲ ಹೆಜ್ಜೆ ಮಾತ್ರ. ಒತ್ತಡದ ಕಾರಣಕ್ಕೆ ಬಂದ ಪ್ರತಿಯೊಂದು ರಜಾ ಅರ್ಜಿಯ ಮೇಲೂ ಶಾಲೆ ತನ್ನ ವೇಳಾಪಟ್ಟಿ, ಸಭೆ, ದಾಖಲೆ, ತಪಾಸಣೆಗಳ ಹೊರೆಯನ್ನು ಪರಿಶೀಲಿಸಬೇಕು; ಶಿಕ್ಷಕರು ಮರಳುವ ಮೊದಲೇ ಆ ಹೊರೆಯನ್ನು ಇಳಿಸಬೇಕು. ಹಾಗೆ ಮಾಡದೆ ರಜೆ ಮಂಜೂರು ಮಾಡಿದ ಶಾಲೆ ತನ್ನ ಹೊಣೆಯ ಅರ್ಧವನ್ನಷ್ಟೇ ನೆರವೇರಿಸಿದಂತೆ.