ಸಂಜೆ ನಾಲ್ಕಕ್ಕೆ ತಿಳಿಯುವ ಓಟಿ

ದುಡಿಯುವ ತಾಯಂದಿರಿಗಾಗಿ ನಮ್ಮಲ್ಲಿರುವ ಕಾನೂನುಗಳ ಪೈಕಿ ಕ್ರೆಶ್ ಕುರಿತದ್ದು ಬಹಳ ಹಳೆಯದು, ಒಳ್ಳೆಯದೂ ಹೌದು. 1948ರ ಕಾರ್ಖಾನೆ ಕಾಯ್ದೆಯಲ್ಲೇ ಅದಿತ್ತು. ಮೊದಲು ಐವತ್ತಕ್ಕಿಂತ ಹೆಚ್ಚು, ಆಮೇಲಿನ ತಿದ್ದುಪಡಿಯಲ್ಲಿ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಗಾಳಿ ಬೆಳಕಿನ ಕೋಣೆ, ನೋಡಿಕೊಳ್ಳಲು ತರಬೇತಾದ ಒಬ್ಬಾಕೆ ಇರಬೇಕೆಂಬ ನಿಯಮ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಇದನ್ನು ಕಾರ್ಖಾನೆಯ ಗೇಟಿನಿಂದ ಹೊರತಂದು, ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಎಲ್ಲ ಸಂಸ್ಥೆಗಳಿಗೂ ಅನ್ವಯಿಸಿತು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು ಎಂದಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಈ ಅಂಶ ಉಳಿದುಕೊಂಡಿದೆ. ಹೆಂಗಸರ ತಲೆ ಎಣಿಸುವ ಬದಲು ಒಟ್ಟು ನೌಕರರ ತಲೆ ಎಣಿಸಿದ್ದು ಜಾಣ ಬದಲಾವಣೆ. ಕ್ರೆಶ್ ಖರ್ಚು ತಪ್ಪಿಸಲು ಹೆಂಗಸರ ಸಂಖ್ಯೆಯನ್ನು ಮೂವತ್ತಕ್ಕೇ ನಿಲ್ಲಿಸುವ ಉಪಾಯಕ್ಕೆ ಅದರಿಂದ ಅರ್ಥವಿಲ್ಲದಂತಾಯಿತು.

ಈ ಕಾನೂನಿನ ಮಾತು ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ, ಅದು ಎಷ್ಟು ಕಡೆ ಜಾರಿಯಲ್ಲಿದೆ ಎಂಬುದು. ಕೇಳಬೇಕಾದ್ದೇ. ಬಾಗಿಲಿಗೆ ಬಣ್ಣದ ಬೋರ್ಡು ಹಾಕಿ ಒಳಗೆ ರಟ್ಟಿನ ಡಬ್ಬಿ ತುಂಬಿಟ್ಟ ಕೋಣೆಗಳ ಕತೆಯನ್ನು ಕಾರ್ಮಿಕ ಸಂಘಟನೆಗಳವರು ಹೇಳುತ್ತಲೇ ಇರುತ್ತಾರೆ. ನನ್ನ ತಕರಾರು ಬೇರೆ. ನೂರಕ್ಕೆ ನೂರು ಜಾರಿಯಾದರೂ ಈ ಕಾನೂನು ಮಗುವನ್ನು ನೋಡಿಕೊಳ್ಳುವುದು ಸೈರನ್ ಆಗುವವರೆಗೆ ಮಾತ್ರ. ತಾಯಿಗೋ ತಂದೆಗೋ ನಿಜವಾಗಿ ಕಷ್ಟ ಬರುವುದು ಆಮೇಲೆ.

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ ಕಾರ್ಖಾನೆಗಳನ್ನೇ ತೆಗೆದುಕೊಳ್ಳಿ. ಶಿಪ್‌ಮೆಂಟ್ ತಾರೀಖು ಹತ್ತಿರ ಬಂತೆಂದರೆ ಮಧ್ಯಾಹ್ನ ಕಳೆದು ಸಂಜೆ ನಾಲ್ಕರ ಹೊತ್ತಿಗೆ ಸೂಪರ್‌ವೈಸರ್ ಲೈನಿನ ತುದಿಯಲ್ಲಿ ನಿಂತು, ಇವತ್ತು ಓಟಿ ಇದೆ ಎನ್ನುತ್ತಾನೆ. ಕೈಯಲ್ಲಿ ಪೀಸು, ಎದುರಿಗೆ ಗಂಟೆಯ ಟಾರ್ಗೆಟ್ ಬರೆದ ಹಲಗೆ, ಎಷ್ಟೋ ಕಡೆ ಫೋನು ಲಾಕರಿನಲ್ಲಿ. ಅಂಗನವಾಡಿಯಿಂದ ಮಗುವನ್ನು ಕರೆತರುವ ಪಕ್ಕದ ಮನೆಯಾಕೆಗೆ ಸುದ್ದಿ ಮುಟ್ಟಿಸುವುದು ಹೇಗೆ? ಅಂಗನವಾಡಿ ಮುಚ್ಚುವುದೂ ಹೆಚ್ಚುಕಡಿಮೆ ಅದೇ ನಾಲ್ಕಕ್ಕೆ. ಕಾರ್ಖಾನೆಯ ಕ್ರೆಶ್ ಆಯಾ ಜನರಲ್ ಶಿಫ್ಟಿನವಳಾದರೆ ಅವಳ ಪಾಳಿಯೂ ಮುಗಿಯುತ್ತ ಬಂದಿರುತ್ತದೆ. ಓಟಿಗೆ ದುಪ್ಪಟ್ಟು ಕೂಲಿ ಎನ್ನುತ್ತದೆ ಕಾನೂನು. ಒಪ್ಪಿದೆ. ಆದರೆ ಆ ದುಡ್ಡು ಬರುವುದು ಸಂಬಳದ ದಿನ, ಮಗುವಿಗೆ ಜನ ಬೇಕಿರುವುದು ಅಂದೇ ಐದು ಗಂಟೆಗೆ.

ಇಲ್ಲಿಂದ ನನ್ನ ಮುಖ್ಯ ಆಕ್ಷೇಪ ಶುರು. ನಮ್ಮ ಕಾನೂನು ಓವರ್‌ಟೈಮನ್ನು ಗಂಟೆಗಳಲ್ಲಿ ಅಳೆಯುತ್ತದೆ: ದಿನಕ್ಕೆ ಇಷ್ಟು, ವಾರಕ್ಕೆ ಇಷ್ಟು, ಮೂರು ತಿಂಗಳಿಗೆ ಇಷ್ಟು. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಾಗ ನಡೆದ ಜಗಳವೂ ಗಂಟೆಗಳದ್ದೇ. ವಾರದ 48 ಗಂಟೆ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಅವಕಾಶ, ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ ಮಿತಿ ಹೆಚ್ಚುಕಡಿಮೆ ದುಪ್ಪಟ್ಟು, ಹೆಂಗಸರಿಗೆ ರಾತ್ರಿ ಪಾಳಿ. ಪರ ವಿರೋಧ ಎರಡೂ ಕಡೆ ಆವೇಶವಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರ 90 ಗಂಟೆಯ ಮಾತು ಬಯಲಿಗೆ ಬಂತು. ಎಪ್ಪತ್ತೆಂದರೆ ಆರು ದಿನದ ವಾರದಲ್ಲಿ ದಿನಕ್ಕೆ ಸುಮಾರು ಹನ್ನೊಂದು ಮುಕ್ಕಾಲು ಗಂಟೆ, ಬೆಂಗಳೂರಿನ ಟ್ರಾಫಿಕ್ಕು ಬೇರೆ. ಮಗುವನ್ನು ಯಾರು ಕರೆತರುತ್ತಾರೆ ಎಂಬ ಪ್ರಶ್ನೆ ಆ ಲೆಕ್ಕದಲ್ಲಿರಲಿಲ್ಲ. ಬೈದವರ ಲೆಕ್ಕದಲ್ಲೂ ಅದು ಹೆಚ್ಚೇನೂ ಕಾಣಲಿಲ್ಲ, ಎಪ್ಪತ್ತು ಹೆಚ್ಚಾಯಿತು ನಲವತ್ತೆಂಟು ಸಾಕು ಎಂದರು ಅಷ್ಟೆ.

ಮಗುವಿರುವ ಮನೆಗೆ ಎಷ್ಟು ಗಂಟೆ ಎಂಬುದಕ್ಕಿಂತ ಯಾವಾಗ ತಿಳಿಯಿತು ಎಂಬುದು ದೊಡ್ಡದು. ಮುಂದಿನ ವಾರ ಮೂರು ದಿನ ರಾತ್ರಿ ಒಂಬತ್ತರವರೆಗೆ ಕೆಲಸ ಎಂದು ಶುಕ್ರವಾರವೇ ಗೊತ್ತಾದರೆ ಅತ್ತೆಯನ್ನು ಕರೆಸಿಕೊಳ್ಳಬಹುದು, ಗಂಡನ ಪಾಳಿ ಬದಲಿಸಬಹುದು, ಡೇಕೇರಿನವರಿಗೆ ಒಂದು ಮಾತು ಹೇಳಬಹುದು. ಸಂಜೆ ನಾಲ್ಕಕ್ಕೆ ಗೊತ್ತಾಗುವ ಒಂದೇ ಒಂದು ಗಂಟೆ ಇದಾವುದಕ್ಕೂ ಎಡೆ ಕೊಡುವುದಿಲ್ಲ. ಹೊಸ ಸಂಹಿತೆಯಲ್ಲಿ ಕಾರ್ಮಿಕರ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ ಎಂಬ ಮಾತು ಸೇರಿದೆ. ಓದಲು ಚೆನ್ನಾಗಿದೆ. ಲೈನಿನಲ್ಲಿ ಅರವತ್ತು ಜನ ಕೂತಿರುವಾಗ, ಮಧ್ಯದ ಯಂತ್ರದವಳು ಎದ್ದರೆ ಹಿಂದಿನವರ ಪೀಸೆಲ್ಲ ಗುಡ್ಡೆ ಬೀಳುವಾಗ, ನಿಂತುಕೊಂಡು ಕೇಳಿದ ಒಪ್ಪಿಗೆಗೆ ಬೆಲೆ ಎಷ್ಟು? ಇಂತಿಷ್ಟು ದಿನ ಮುಂಚೆ ಕೇಳಿರಬೇಕು, ಒಲ್ಲೆ ಎಂದವರ ಮೇಲೆ ಹಗೆ ಸಾಧಿಸಬಾರದು ಎಂದಿದ್ದರೆ ಆ ಮಾತಿಗೆ ಹಲ್ಲು ಬರುತ್ತಿತ್ತು. ನಿಯಮ ಮಾಡುವ ಅಧಿಕಾರ ರಾಜ್ಯಕ್ಕೂ ಇದೆ.

ಓವರ್‌ಟೈಮಿಗೆ ಕುಖ್ಯಾತವಾದ ಜಪಾನ್ ಕೂಡ ಈ ವಿಷಯದಲ್ಲಿ ನಮಗಿಂತ ಮುಂದಿದೆ. ಅಲ್ಲಿನ ಶಿಶುಪಾಲನಾ ರಜೆ ಕಾನೂನಿನ ಪ್ರಕಾರ ಚಿಕ್ಕ ಮಗುವಿನ ತಾಯಿಯಾಗಲಿ ತಂದೆಯಾಗಲಿ ನಿಗದಿತ ಅವಧಿ ಮೀರಿದ ಕೆಲಸ ನನಗೆ ಬೇಡ ಎಂದು ಅರ್ಜಿ ಕೊಡಬಹುದು. ಮೂರು ವರ್ಷದೊಳಗಿನ ಮಕ್ಕಳಿಗಷ್ಟೇ ಇದ್ದ ಈ ಹಕ್ಕನ್ನು 2025ರ ಏಪ್ರಿಲ್‌ನಿಂದ ಮಗು ಪ್ರಾಥಮಿಕ ಶಾಲೆಗೆ ಸೇರುವವರೆಗೂ ವಿಸ್ತರಿಸಿದ್ದಾರೆ. ಅಲ್ಲಿ ಎಲ್ಲರೂ ಧೈರ್ಯವಾಗಿ ಅರ್ಜಿ ಹಾಕಿ ಆರಕ್ಕೆ ಮನೆಗೆ ಹೋಗುತ್ತಾರೆಂದು ನಾನು ಹೇಳುತ್ತಿಲ್ಲ. ಬೇಡ ಎನ್ನಲು ಕಾನೂನಿನಲ್ಲಿ ಒಂದು ಜಾಗವಿದೆ, ಅದನ್ನು ಗಂಡಸರಿಗೂ ಕೊಟ್ಟಿದ್ದಾರೆ.

ತಡವಾದುದರ ಬೆಲೆಯನ್ನು ಸದ್ಯ ಯಾರು ತೆರುತ್ತಿದ್ದಾರೆ ನೋಡಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕೆಳಗೆ ನಡೆಯುವ ಡೇಕೇರುಗಳಲ್ಲಿ ಹೊತ್ತು ಮೀರಿದರೆ ದಂಡ ಬೀಳುವುದು ಮಾಮೂಲು. ಇಸ್ರೇಲಿನ ಹೈಫಾ ಊರಿನ ಹತ್ತು ಡೇಕೇರುಗಳಲ್ಲಿ ನಡೆದ ಪ್ರಯೋಗವೊಂದು ಅರ್ಥಶಾಸ್ತ್ರಜ್ಞರ ನಡುವೆ ಪ್ರಸಿದ್ಧ. ನೀಜಿ ಮತ್ತು ರುಸ್ಟಿಕಿನಿ ಎಂಬಿಬ್ಬರು 2000ದಲ್ಲಿ ಅದನ್ನು ಪ್ರಕಟಿಸಿದರು. ತಡವಾಗಿ ಬಂದ ಪೋಷಕರಿಗೆ ದಂಡ ಹಾಕಿದಾಗ ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು. ದಂಡ ತೆಗೆದುಹಾಕಿದ ಮೇಲೂ ಮೊದಲಿನ ಸ್ಥಿತಿಗೆ ಬರಲಿಲ್ಲ. ಸಂಕೋಚವಿದ್ದ ಜಾಗದಲ್ಲಿ ಬೆಲೆ ಬಂದು ಕೂತಿತು ಎಂಬುದು ಅವರ ವಿವರಣೆ. ಸರಿಯಿರಬಹುದು. ನನಗೆ ಮಾತ್ರ ಆ ಪ್ರಬಂಧ ಅರ್ಧ ಮನೆಯನ್ನಷ್ಟೇ ನೋಡಿದಂತೆ ಕಾಣುತ್ತದೆ. ಪೋಷಕರು ಏಕೆ ತಡವಾದರು, ಅವರನ್ನು ಹಿಡಿದಿಟ್ಟವರು ಯಾರು? ದಂಡದ ಚೀಟಿ ತಾಯಿಯ ಬದಲು ಅವಳ ಮ್ಯಾನೇಜರಿಗೆ ಹೋಗಿದ್ದರೆ ಏನಾಗುತ್ತಿತ್ತೆಂಬ ಪ್ರಯೋಗವನ್ನು ಯಾರಾದರೂ ಮಾಡಬೇಕು.

ಐಟಿಯವರ ಕಷ್ಟಕ್ಕೆ ಸೈರನ್ ಇಲ್ಲ. ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗಿನ ಎಂಟು ಗಂಟೆಯ ಮೀಟಿಂಗು ಬೇಸಿಗೆಯಲ್ಲಿ ಇಲ್ಲಿನ ರಾತ್ರಿ ಎಂಟೂವರೆ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮರುದಿನದಿಂದ ಅದೇ ಮೀಟಿಂಗು ಒಂಬತ್ತೂವರೆ. ಕ್ಯಾಲೆಂಡರ್ ತಾನೇ ಬದಲಾಗುತ್ತದೆ, ಯಾರೂ ಯಾರನ್ನೂ ಕೇಳುವುದಿಲ್ಲ. ಮಾರತ್‌ಹಳ್ಳಿಯ ಮನೆಯೊಂದರಲ್ಲಿ ಮಗು ಮಲಗುವ ಹೊತ್ತನ್ನು ಸಿಯಾಟಲ್ಲಿನ ಗಡಿಯಾರ ತೀರ್ಮಾನಿಸುತ್ತದೆ. ಸಂಹಿತೆಯ ದುಪ್ಪಟ್ಟು ಕೂಲಿಯಾದರೋ ‘ಕಾರ್ಮಿಕ’ ಎಂಬ ವ್ಯಾಖ್ಯೆಗೆ ಸೇರಿದವರಿಗೆ ಮಾತ್ರ. ಮ್ಯಾನೇಜರುಗಳು ಅದರ ಹೊರಗೆ, ತಿಂಗಳಿಗೆ 18,000 ರೂಪಾಯಿ ದಾಟಿದ ಮೇಲ್ವಿಚಾರಕರೂ ಹೊರಗೆ.

ಟೂರಿನ ಸಂಗತಿ ಇನ್ನೂ ಅನಾಥ. ಕ್ಲೈಂಟ್ ಭೇಟಿಗೆ ಮೂರು ದಿನ ಪುಣೆ, ಆಡಿಟ್ಟಿಗೆ ಒಂದು ವಾರ ಬಳ್ಳಾರಿ, ಆನ್‌ಸೈಟಿಗೆ ಆರು ವಾರ ಟೆಕ್ಸಸ್. ಬಿಲ್ಲಿನ ಫಾರಂನಲ್ಲಿ ಲಾಡ್ಜಿಗೆ ಕಾಲಂ ಇದೆ, ಊಟಕ್ಕಿದೆ, ಆಟೋಗೂ ಇದೆ. ಅಷ್ಟು ರಾತ್ರಿ ಮಗುವಿನ ಜೊತೆ ಮಲಗಲು ಬಂದವರಿಗೆ ಕೊಟ್ಟ ದುಡ್ಡಿಗೆ ಕಾಲಂ ಕಂಡವರು ಅಪರೂಪ. ಇಷ್ಟು ವರ್ಷ ಅದು ಬೇಕಾಗದಿರಲು ಕಾರಣ ಸರಳ: ಪ್ರವಾಸ ಹೋಗುತ್ತಿದ್ದವನು ಗಂಡಸು, ಮನೆಯಲ್ಲಿ ಹೆಂಡತಿ ಇದ್ದಳು. ಈಗ ಇಬ್ಬರೂ ಹೊರಗೆ ದುಡಿಯುವ ಮನೆಗಳಲ್ಲಿ ಆ ಜಾಗಕ್ಕೆ ಅಜ್ಜಿ ಬಂದಿದ್ದಾಳೆ.

ಬೆಂಗಳೂರಿನ ಬಹುಪಾಲು ವೃತ್ತಿಜೀವನಗಳ ಅಡಿಪಾಯ ಹಾಸನ, ದಾವಣಗೆರೆ, ಶಿರಸಿ, ಉಡುಪಿಗಳಿಂದ ಬಂದ ಅಜ್ಜಿಯರು. ಗಾರ್ಮೆಂಟಿನ ಹೆಂಗಸರಲ್ಲಿ ಇದು ತಲೆಕೆಳಗು: ಅಜ್ಜಿ ಊರಲ್ಲೇ ಉಳಿಯುತ್ತಾಳೆ, ಮಗುವೇ ಅಲ್ಲಿಗೆ ಹೋಗುತ್ತದೆ, ತಾಯಿ ಹಬ್ಬಕ್ಕೆ ಬಸ್ಸು ಹತ್ತುತ್ತಾಳೆ. ಕಡಲಾಚೆಗೂ ಈ ಏರ್ಪಾಡು ವಿಸ್ತರಿಸಿದೆ. ಅಮೆರಿಕದ ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳವರೆಗೆ ಇರಲು ಬಿಡುತ್ತಾರಾದ್ದರಿಂದ, ಮೊದಲ ಆರು ತಿಂಗಳು ಹುಡುಗಿಯ ಅಪ್ಪ ಅಮ್ಮ, ಅವರು ವಿಮಾನ ಹತ್ತುವ ಹೊತ್ತಿಗೆ ಹುಡುಗನ ಅಪ್ಪ ಅಮ್ಮ. ಬಾಣಂತನಕ್ಕೆಂದು ಹೋದವರು ಅಂಟಿನುಂಡೆ ಡಬ್ಬಿಯ ಜೊತೆ ಮಂಡಿನೋವಿನ ಮಾತ್ರೆಯನ್ನೂ ಕಟ್ಟಿಕೊಂಡಿರುತ್ತಾರೆ. ಇದನ್ನು ನಮ್ಮ ಕುಟುಂಬ ವ್ಯವಸ್ಥೆಯ ಹಿರಿಮೆ ಎಂದು ಹೊಗಳುವ ಲೇಖನಗಳನ್ನು ಓದಿದಾಗ ನನಗೆ ಸಿಟ್ಟು ಬರುತ್ತದೆ. ಅರವತ್ತೈದು ದಾಟಿದ ಹೆಂಗಸೊಬ್ಬಳು ಎರಡನೆಯ ಸಲ ಅಮ್ಮನಾಗುವುದರಲ್ಲಿ ಪ್ರೀತಿ ಖಂಡಿತ ಇದೆ. ಸಂಬಳವಿಲ್ಲದ ಈ ಪಾಳಿಯ ಲಾಭ ಯಾವ ಕಂಪನಿಯ ಲೆಕ್ಕಪತ್ರಕ್ಕೆ ಸೇರುತ್ತದೆ ಎಂಬುದನ್ನು ಆ ಪ್ರೀತಿಯ ಹೆಸರಲ್ಲಿ ಮರೆಸುವುದು ಬೇಡ.

ಸರ್ಕಾರಿ ಕೆಲಸದವರ ಸ್ಥಿತಿ ವಾಸಿ. ಕೇಂದ್ರದ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ 730 ದಿನ, ರಾಜ್ಯದವರಿಗೆ 180 ದಿನ ಶಿಶುಪಾಲನಾ ರಜೆ ಇದೆ. ಒಂಟಿ ತಂದೆಗೂ ಅದು ಸಿಗುತ್ತದೆ, ರಾಜ್ಯದಲ್ಲಿ 2023ರಿಂದ. ಒಂಟಿಯಾಗಿರದ ತಂದೆಗೆ ಮಾತ್ರ ಇಲ್ಲ. ಹೆಂಡತಿ ಇದ್ದಾಳೆಂದ ಮೇಲೆ ಮಗುವಿನ ಜ್ವರ ಗಂಡನ ವಿಷಯವಲ್ಲ ಎಂಬ ತೀರ್ಮಾನ ಆ ನಿಯಮದೊಳಗೇ ಕೂತಿದೆ. ಕ್ರೆಶ್ ಕಾನೂನೂ ಹಾಗೆಯೇ: ನೌಕರರನ್ನು ಎಣಿಸುವಾಗ ಗಂಡಸರು ಲೆಕ್ಕಕ್ಕುಂಟು, ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡುವ ಹಕ್ಕಿನಲ್ಲಿ ಮಹಿಳೆ ಮಾತ್ರ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಯವರ ಆರೈಕೆಗೆ ಕೈಹಚ್ಚಿದವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 134 ನಿಮಿಷ, ಗಂಡಸರು 76 ನಿಮಿಷ ಅದಕ್ಕೆ ಕೊಡುತ್ತಿದ್ದರು. ಇಂಥ ಕಾನೂನಿಗೆ ತಕ್ಕ ಅಂಕಿ.

ಕೆಲಸದ ಸ್ವಭಾವವೇ ಹಾಗೆ, ಏನು ಮಾಡಲು ಬರುತ್ತದೆ ಎನ್ನುವವರಿಗೆ 2023ರಲ್ಲಿ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರ ಅಧ್ಯಯನದಲ್ಲಿ ಒಂದು ಉತ್ತರವಿದೆ. ಯಾವ ಹೊತ್ತಿಗೆ ಕರೆದರೂ ಓಡಿಬರುವವನಿಗೆ ಅಳತೆ ಮೀರಿ ಸಂಬಳ ಕೊಡುವ ಕೆಲಸಗಳನ್ನು ಅವರು ದುರಾಸೆಯ ಕೆಲಸಗಳೆನ್ನುತ್ತಾರೆ. ಅಮೆರಿಕದ ಔಷಧ ಅಂಗಡಿಗಳ ಫಾರ್ಮಸಿಸ್ಟರ ಉದಾಹರಣೆ ಇದಕ್ಕೆ ಎದುರು. ರೋಗಿಯ ದಾಖಲೆ ಕಂಪ್ಯೂಟರಿಗೆ ಬಂದು, ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಲ್ಲುವಂತಾದ ಮೇಲೆ, ಕಡಿಮೆ ಹೊತ್ತು ದುಡಿದವರಿಗೂ ಗಂಟೆಯ ಲೆಕ್ಕದಲ್ಲಿ ನಷ್ಟವಾಗಲಿಲ್ಲ. ವೃತ್ತಿ ಅದೇ, ಏರ್ಪಾಡು ಮಾತ್ರ ಬದಲಾಗಿತ್ತು.

ನಮ್ಮಲ್ಲಿ ಇದಕ್ಕೆ ಹತ್ತಿರದ ಏರ್ಪಾಡು ಕಾಣುವುದು ಆಸ್ಪತ್ರೆಯ ವಾರ್ಡುಗಳಲ್ಲಿ. ಪಾಳಿ ಮುಗಿಸುವ ನರ್ಸ್ ಬರುವವಳಿಗೆ ಒಂದೊಂದು ಹಾಸಿಗೆಯ ಲೆಕ್ಕವನ್ನೂ ಒಪ್ಪಿಸಿಯೇ ಹೋಗುತ್ತಾಳೆ. ಜೀವ ಹೋಗಿ ಬರುವ ರೋಗಿಯನ್ನು ಹೀಗೆ ದಾಟಿಸಬಹುದಾದರೆ ಸಾಫ್ಟ್‌ವೇರಿನ ಒಂದು ರಿಲೀಸನ್ನು, ಅಂಗಿಯ ಒಂದು ಆರ್ಡರನ್ನು ದಾಟಿಸಲಾಗದು ಎಂಬ ವಾದ ನನಗೆ ಒಪ್ಪಿಗೆಯಾಗಿಲ್ಲ. ನರ್ಸುಗಳ ಬದುಕು ಹಗುರವೆಂದಲ್ಲ, ರಾತ್ರಿ ಪಾಳಿಯ ದಿನ ಅವರ ಮಕ್ಕಳಿಗೂ ಯಾರಾದರೂ ಬೇಕೇ ಬೇಕು. ಆದರೆ ಡ್ಯೂಟಿ ಪಟ್ಟಿ ಮುಂಚೆಯೇ ಗೋಡೆಗೆ ಅಂಟಿರುತ್ತದೆ, ಜೊತೆಯವಳ ಕೈಕಾಲು ಹಿಡಿದು ಒಂದು ರಾತ್ರಿಯನ್ನು ಅದಲುಬದಲು ಮಾಡಿಕೊಳ್ಳಲೂ ಬರುತ್ತದೆ.