ಗೆರೆಗಳ ನಡುವಿನ ಓಲಾಟ

ಕಂಟ್ರೋಲ್ ಚಾರ್ಟ್‌ಗೆ ಬೇಕಾಗುವುದು ಮೂರೇ ಗೆರೆ. ನಡುವೆ ಸರಾಸರಿಯದು, ಮೇಲೊಂದು ಮಿತಿ, ಕೆಳಗೊಂದು ಮಿತಿ. ಅವುಗಳ ನಡುವೆ ಚುಕ್ಕಿಗಳು ಬೀಳುತ್ತಾ ಹೋಗುತ್ತವೆ. ಒಂದು ತುಸು ಮೇಲೆ, ಇನ್ನೊಂದು ತುಸು ಕೆಳಗೆ, ಮತ್ತೊಂದು ನಡುಗೆರೆಯನ್ನು ಸವರಿಕೊಂಡು. ಈ ಓಲಾಟ ನೋಡುತ್ತಾ ಕೂತರೆ ಹೊತ್ತು ಹೋದದ್ದೇ ನನಗೆ ತಿಳಿಯುವುದಿಲ್ಲ. ಒಂದು ಯಂತ್ರ ತನ್ನ ಆರೋಗ್ಯ ಹೇಗಿದೆ ಎಂಬುದನ್ನು ಯಾರ ಮುಲಾಜೂ ಇಲ್ಲದೆ, ತನ್ನದೇ ಅಂಕಿಗಳಲ್ಲಿ ಹೇಳಿಕೊಳ್ಳುವ ಚಿತ್ರ ಅದು.

ವಾಲ್ಟರ್ ಶೂಹಾರ್ಟ್ ಎಂಬ ಭೌತವಿಜ್ಞಾನಿ ಇದನ್ನು ಮೊದಲು ಬರೆದದ್ದು 1924ರ ಮೇ 16ರಂದು. ಅಮೆರಿಕದಲ್ಲಿ ಟೆಲಿಫೋನ್ ಉಪಕರಣ ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಮೇಲಧಿಕಾರಿ ಜಾರ್ಜ್ ಎಡ್ವರ್ಡ್ಸ್ ಅವರ ಕೈಗೆ ಕೊಟ್ಟ ಟಿಪ್ಪಣಿ ಅದು. ಇದ್ದದ್ದು ಒಂದು ಪುಟದಷ್ಟು. ಅದರಲ್ಲೂ ಮೂರನೇ ಒಂದು ಪಾಲು ಚಿತ್ರವೇ. ಏಳು ವರ್ಷದ ನಂತರ, 1931ರಲ್ಲಿ, ಅದೇ ವಿಚಾರವನ್ನು ಬೆಳೆಸಿ ದೊಡ್ಡ ಪುಸ್ತಕ ಬರೆದರು. ಪುಸ್ತಕದ ಮೇಲೆ ನನಗೆ ಗೌರವ. ಆ ಒಂದು ಪುಟದ ಮೇಲೆ ಪ್ರೀತಿ.

ಆದರೆ ಇದರ ಸವಿ ಸಿಗಬೇಕಾದರೆ ಲೇತಿನ ಪಕ್ಕಕ್ಕೇ ಹೋಗಬೇಕು. ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಯೂನಿಟ್‌ನಲ್ಲಿ ನಾನು ತುಂಬಾ ಮೆಚ್ಚಿದ ಚಾರ್ಟ್ ಒಂದಿತ್ತು. ಸಿಎನ್‌ಸಿ ಯಂತ್ರದ ಬಾಗಿಲ ಪಕ್ಕ ಕ್ಲಿಪ್ ಬೋರ್ಡಿಗೆ ಸಿಕ್ಕಿಸಿದ ಹಾಳೆ; ಕೂಲೆಂಟ್ ಹನಿದು ಒಂದು ಮೂಲೆ ಉಬ್ಬಿತ್ತು, ಅಂಚಿನಲ್ಲಿ ಎಣ್ಣೆಗೈಯ ಹೆಬ್ಬೆರಳ ಗುರುತು. 25 ಮಿಲಿಮೀಟರ್ ವ್ಯಾಸದ ಶಾಫ್ಟ್ ಕೆಲಸ. ಆಪರೇಟರ್ ಗಂಟೆಗೊಮ್ಮೆ, ಒಂದರ ಹಿಂದೊಂದು ಹೊರಬಂದ ಐದು ಪೀಸ್ ಎತ್ತಿಕೊಂಡು, ವೇಸ್ಟ್ ಬಟ್ಟೆಯಲ್ಲಿ ಒರೆಸಿ, ಮೈಕ್ರೋಮೀಟರಿನ ರಾಚೆಟ್ ಟಿಕ್ ಟಿಕ್ ಎನ್ನುವವರೆಗೆ ತಿರುಗಿಸಿ ಓದುತ್ತಿದ್ದರು. 25ಕ್ಕಿಂತ ಎಷ್ಟು ಮೈಕ್ರಾನ್ ಹೆಚ್ಚು ಅಥವಾ ಕಡಿಮೆ ಎಂಬುದಷ್ಟೇ ಹಾಳೆಗೆ ಇಳಿಯುತ್ತಿತ್ತು: 3, ಮೈನಸ್ 1, 2, 0, 1. ಸರಾಸರಿ 1. ದೊಡ್ಡದರಿಂದ ಚಿಕ್ಕದನ್ನು ಕಳೆದರೆ ರೇಂಜ್ 4. ಮೇಲಿನ ಚಾರ್ಟಿಗೊಂದು ಚುಕ್ಕಿ ಸರಾಸರಿಯದು, ಕೆಳಗಿನ ಚಾರ್ಟಿಗೊಂದು ಚುಕ್ಕಿ ರೇಂಜಿನದು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆ ನವಿರು ಲೋಕ, ಮೊಂಡು ಪೆನ್ಸಿಲಿನ ಎರಡು ಚುಕ್ಕಿಗಳಲ್ಲಿ ಕಣ್ಣಿಗೆ ಬೀಳುತ್ತಿತ್ತು.

ಈಗ ಈ ಕಸುಬಿನ ತಿರುಳಿಗೆ ಬಂದೆ. ಮಿತಿಯ ಗೆರೆಗಳನ್ನು ಎಲ್ಲಿ ಎಳೆಯಬೇಕು? ಶೂಹಾರ್ಟ್ ಕೊಟ್ಟ ಉತ್ತರ ಎಷ್ಟು ಸೊಗಸಾದದ್ದೆಂದರೆ, ಎಷ್ಟು ಸಲ ಬಿಡಿಸಿ ನೋಡಿದರೂ ನನಗೆ ಹಳತಾಗಿಲ್ಲ. ಆ ಐದು ಪೀಸ್ ಹುಟ್ಟಿದ್ದು ಬೆನ್ನುಬೆನ್ನಿಗೆ. ಲೋಹ ಕತ್ತರಿಸುವ ಅದೇ ಇನ್ಸರ್ಟ್, ಅದೇ ಬಾರ್, ಅದೇ ಕೈ, ಅದೇ ಬಿಸಿ. ಹಾಗಿದ್ದೂ ಅವು ಒಂದಕ್ಕೊಂದು ಸಮ ಇಲ್ಲ. ಆ ಸಣ್ಣ ಹೆಚ್ಚುಕಮ್ಮಿಯೇ ಈ ಯಂತ್ರದ ಸಹಜ ಗುಣ. ಯಾರೂ ಏನೂ ಮಾಡದಿದ್ದಾಗಲೂ ಇರುವಂಥದ್ದು. ಇಪ್ಪತ್ತು ಇಪ್ಪತ್ತೈದು ಗುಂಪುಗಳ ರೇಂಜ್ ತೆಗೆದು ಸರಾಸರಿ ಮಾಡಿ. 5 ಮೈಕ್ರಾನ್ ಬಂತೆನ್ನಿ. ಐದರ ಗುಂಪಿಗೆ ನಿಗದಿಯಾದ ಗುಣಕ 0.577. ಗುಣಿಸಿದರೆ ಸುಮಾರು 2.9. ನಡುಗೆರೆಯಿಂದ 2.9 ಮೇಲೆ, 2.9 ಕೆಳಗೆ. ಮಿತಿ ಸಿದ್ಧ. ಐದು ಪೀಸಿನ ಒಳಗಿನ ಪುಟ್ಟ ಏರಿಳಿತವೇ ಇಡೀ ದಿನದ, ಇಡೀ ವಾರದ ಏರಿಳಿತಕ್ಕೆ ಅಳತೆಗೋಲಾಯಿತು. ಹೊರಗಿನವರ ಆಸೆ, ಗಿರಾಕಿಯ ಬೇಡಿಕೆ, ಮ್ಯಾನೇಜರರ ಗುರಿ, ಯಾವುದೂ ಆ ಲೆಕ್ಕದೊಳಗೆ ಕಾಲಿಟ್ಟಿಲ್ಲ.

ಎಲ್ಲ ರೀಡಿಂಗನ್ನೂ ಒಟ್ಟಿಗೆ ಸುರಿದು ಒಂದೇ ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆದು ಮಿತಿ ಎಳೆಯುವವರಿದ್ದಾರೆ. ಸಾಫ್ಟ್‌ವೇರ್ ಕೂಡ ಕೇಳಿದರೆ ಹಾಗೆ ಎಳೆದುಕೊಡುತ್ತದೆ. ಆಗ ಬೆಳಿಗ್ಗೆಗೂ ಸಂಜೆಗೂ ಬಿದ್ದ ಅಂತರವೆಲ್ಲ ಮಿತಿಯೊಳಗೆ ಸೇರಿ, ಗೆರೆಗಳು ದೂರ ಸರಿದು, ಹಿಡಿಯಬೇಕಾದ ಗುಟ್ಟು ಅಲ್ಲೇ ಅಡಗಿ ಕೂರುತ್ತದೆ. ಎರಡು ಸ್ಪಿಂಡಲ್‌ಗಳ ಪೀಸನ್ನು ಒಂದೇ ಗುಂಪಿಗೆ ಹಾಕಿದರೂ ಇದೇ ಕಥೆ: ರೇಂಜ್ ಉಬ್ಬಿ, ಚುಕ್ಕಿಗಳೆಲ್ಲ ನಡುಗೆರೆಗೆ ಅಂಟಿಕೊಂಡು, ಚಾರ್ಟ್ ವಿಪರೀತ ಶಾಂತವಾಗಿ ಕಾಣುತ್ತದೆ. ಅಷ್ಟು ಶಾಂತಿ ಕಂಡರೆ ಅನುಮಾನಪಡಬೇಕು. ಯಾವ ಐದನ್ನು ಒಟ್ಟಿಗಿಡಬೇಕು ಎಂಬ ಆಯ್ಕೆಯಲ್ಲೇ ಈ ಕಲೆಯ ಮುಕ್ಕಾಲು ಪಾಲಿದೆ, ಮತ್ತು ಆ ಆಯ್ಕೆಯನ್ನು ಯಂತ್ರ ಬಲ್ಲವರು ಮಾತ್ರ ಮಾಡಬಲ್ಲರು. ಇನ್ನು ಡ್ರಾಯಿಂಗಿನಲ್ಲಿರುವ ಪ್ಲಸ್ ಮೈನಸ್ 15 ಮೈಕ್ರಾನ್ ಟಾಲರೆನ್ಸನ್ನೇ ತಂದು ಸರಾಸರಿಯ ಚಾರ್ಟಿನ ಮೇಲೆ ಎಳೆಯುವುದು. ಅದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಟಾಲರೆನ್ಸ್ ಗಿರಾಕಿಯ ಮಾತು, ಮಿತಿ ಯಂತ್ರದ ಮಾತು. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಇಬ್ಬರದ್ದೂ ಕೇಳಿಸುವುದಿಲ್ಲ.

ಶೂಹಾರ್ಟರ ಆ ಮಿತಿಗಳು ಸರಾಸರಿಯಿಂದ ಮೂರು ಸಿಗ್ಮಾ, ಅಂದರೆ ಮೂರು ಸ್ಟ್ಯಾಂಡರ್ಡ್ ಡೀವಿಯೇಶನ್ ದೂರದಲ್ಲಿವೆ. ಅಂಕಿಗಳು ನಾರ್ಮಲ್ ಹಂಚಿಕೆಯಲ್ಲಿದ್ದರೆ ಸುಮ್ಮಸುಮ್ಮನೆ ಹೊರಬೀಳುವ ಚುಕ್ಕಿ ಸರಾಸರಿ 370ಕ್ಕೆ ಒಂದು. ಆದರೆ ಶೂಹಾರ್ಟ್ ಮೂರಕ್ಕೇ ನಿಂತದ್ದು ಬರೀ ಈ ಸಂಭವನೀಯತೆಯ ಲೆಕ್ಕ ನೆಚ್ಚಿಕೊಂಡಲ್ಲ. ಇಲ್ಲದ ಕಾರಣವನ್ನು ಹುಡುಕಿ ಅಲೆಯುವ ಖರ್ಚು ಒಂದು ಕಡೆ, ಇರುವ ಕಾರಣವನ್ನು ಕಾಣದೆ ಬಿಡುವ ನಷ್ಟ ಇನ್ನೊಂದು ಕಡೆ. ಎರಡನ್ನೂ ತೂಗಿ, ಅನುಭವದಲ್ಲಿ ಚೆನ್ನಾಗಿ ನಡೆಯುತ್ತದೆಂದು ಕಂಡು ಇಟ್ಟ ಗೆರೆ ಅದು. ಗಣಿತ ಬಲ್ಲ ಮನುಷ್ಯ ಖರ್ಚಿನ ಮಾತಿಗೂ ಇಷ್ಟು ಬೆಲೆ ಕೊಟ್ಟದ್ದು ನನಗೆ ಬಹಳ ಹಿಡಿಸುತ್ತದೆ.

ಸಂಗೀತ ಕೇಳುವವರಿಗೆ ಇದನ್ನು ವಿವರಿಸುವುದು ಸುಲಭ. ತೋಡಿಯ ಗಾಂಧಾರ ಒಂದೇ ಕಡೆ ನಿಲ್ಲುವುದಿಲ್ಲ, ತೂಗುತ್ತಲೇ ಇರುತ್ತದೆ. ಆ ಗಮಕ ಸ್ವರದ ಸ್ವಭಾವ. ಅಪಸ್ವರ ಬಿದ್ದರೆ ಬಲ್ಲ ಕಿವಿಗೆ ಕೂಡಲೇ ಚುಚ್ಚುತ್ತದೆ. ಚಾರ್ಟ್ ಬಲ್ಲವರ ಕಣ್ಣೂ ಅಷ್ಟೆ: ಮಿತಿಯೊಳಗಿನ ತೂಗಾಟವನ್ನು ಹಾಗೇ ಬಿಡುತ್ತದೆ, ಹೊರಬಿದ್ದ ಚುಕ್ಕಿಯ ಮುಂದೆ ಎದ್ದು ಕೂರುತ್ತದೆ.

ಬಿಡುವುದೇ ಕಷ್ಟ. ಒಂದು ಪೀಸ್ 3 ಮೈಕ್ರಾನ್ ಹೆಚ್ಚು ಬಂತು. ಕೈ ತಾನಾಗಿ ಕಂಟ್ರೋಲ್ ಪ್ಯಾನೆಲ್ ಕಡೆ ಹೋಗಿ 3 ಮೈಕ್ರಾನ್ ಆಫ್‌ಸೆಟ್ ಕೊಡುತ್ತದೆ. ಮುಂದಿನದು 2 ಕಡಿಮೆ ಬಂತು, ಮತ್ತೆ ಆಫ್‌ಸೆಟ್. ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ ಇದನ್ನು ಆಲಿಕೆಯೊಂದರಿಂದ ತೋರಿಸುತ್ತಿದ್ದರು. ಆಲಿಕೆಯ ಮೂಲಕ ಗೋಲಿ ಬಿಡಿ. ಅದು ಗುರಿಯ ಸುತ್ತ ಅಲ್ಲಲ್ಲಿ ಬೀಳುತ್ತದೆ. ಗೋಲಿ ಎಷ್ಟು ತಪ್ಪಿತೋ ಅಷ್ಟೇ ಆಲಿಕೆಯನ್ನು ಎದುರು ದಿಕ್ಕಿಗೆ ಪ್ರತಿ ಸಲ ಸರಿಸುತ್ತಾ ಹೋದರೆ, ಮುಟ್ಟದೆ ಬಿಟ್ಟಿದ್ದಾಗ ಇದ್ದ ವೇರಿಯನ್ಸ್, ಅಂದರೆ ಹರವಿನ ವರ್ಗ, ಎರಡು ಪಟ್ಟಾಗುತ್ತದೆ. ಹರವು ಸುಮಾರು ನೂರಕ್ಕೆ 41ರಷ್ಟು ಹೆಚ್ಚುತ್ತದೆ. ಅಕ್ಕರೆಯಿಂದ, ಬೆವರು ಸುರಿಸಿ ಕೆಲಸ ಕೆಡಿಸುವ ಬಗೆ ಇದು. ಪೀಣ್ಯದ ಆ ಆಪರೇಟರ್ ಮಿತಿಯೊಳಗಿನ ಚುಕ್ಕಿಗೆ ಕೈ ಹಾಕುತ್ತಿರಲಿಲ್ಲ. ಚುಕ್ಕಿಗಳು ಒಂದೇ ಸಮನೆ ಮೇಲೇರತೊಡಗಿದಾಗ ಮಾತ್ರ ಬಾಗಿಲು ತೆಗೆದು ಇನ್ಸರ್ಟ್ ನೋಡುತ್ತಿದ್ದರು, ಏಕೆಂದರೆ ತುದಿ ಸವೆದಂತೆ ಶಾಫ್ಟ್ ದಪ್ಪವಾಗುತ್ತದೆ. ಹಾಳೆಯ ಕೆಳಗೆ ಆ ಗಂಟೆಯ ನೇರಕ್ಕೆ ಗುಂಡಗಿನ ಅಕ್ಷರದಲ್ಲಿ ‘ಇನ್ಸರ್ಟ್ ಬದಲು’ ಎಂದಿರುತ್ತಿತ್ತು. ಆ ಎರಡು ಪದವಿಲ್ಲದಿದ್ದರೆ ಮೇಲಿನ ಚುಕ್ಕಿಗಳಿಗೆ ಅರ್ಧ ಬೆಲೆಯೂ ಇಲ್ಲ.

ಶೂಹಾರ್ಟರ ಪುಸ್ತಕದಲ್ಲೇ ನಾನು ಮತ್ತೆ ಮತ್ತೆ ತೆಗೆಯುವ ಒಂದು ಉದಾಹರಣೆ ಇದೆ. ಒಂದು ಇನ್ಸುಲೇಟಿಂಗ್ ವಸ್ತುವಿನ ವಿದ್ಯುತ್ ರೋಧದ 204 ರೀಡಿಂಗ್, ಮೆಗೋಮ್‌ಗಳಲ್ಲಿ. ಎಲ್ಲವನ್ನೂ ಒಂದು ರಾಶಿ ಹಾಕಿದರೆ ಯಾವ ಸುದ್ದಿಯೂ ಇಲ್ಲ. ಅವರು ರಾಶಿ ಹಾಕಲಿಲ್ಲ. ಅಳೆದ ಕ್ರಮದಲ್ಲೇ ನಾಲ್ಕು ನಾಲ್ಕರ 51 ಗುಂಪು ಮಾಡಿ, ಸರಾಸರಿಗಳನ್ನು ಸಾಲಾಗಿ ಇಟ್ಟು, ಮಿತಿ ಎಳೆದರು. ಹಲವು ಚುಕ್ಕಿ ಹೊರಗೆ ನಿಂತವು. ಎಲ್ಲೋ ಹುಡುಕಿದರೆ ಸಿಗುವ ಕಾರಣ ಇದೆ ಎಂದು ಚಾರ್ಟ್ ಹೇಳಿತು. ಎಂಜಿನಿಯರುಗಳು ಹುಡುಕಿದರು, ಸಿಕ್ಕಿತು, ತೆಗೆದರು. ಮತ್ತೆ ಅಳೆದಾಗ ಚುಕ್ಕಿಗಳೆಲ್ಲ ಒಳಗೆ. ಇಲ್ಲಿ ಅಂಕಿಗಳು ಬಂದ ಸರತಿಯೇ ಸರ್ವಸ್ವ. ಸರತಿ ಕಲಸಿದ್ದರೆ ಅಷ್ಟೂ ರೀಡಿಂಗ್ ಕೈಯಲ್ಲಿದ್ದೂ ಸುದ್ದಿ ಕಳೆದುಹೋಗುತ್ತಿತ್ತು.

ಈ ವಿದ್ಯೆ ನಮ್ಮಲ್ಲಿ ಹಬ್ಬಿದ್ದರಲ್ಲೂ ಶೂಹಾರ್ಟರ ಕೈಯಿದೆ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸರ ಆಹ್ವಾನದ ಮೇಲೆ ಅವರು 1947-48ರಲ್ಲಿ ಭಾರತಕ್ಕೆ ಬಂದರು. 1950ರ ದಶಕದಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಬೆಂಗಳೂರಿನಲ್ಲಿ ಗುಣನಿಯಂತ್ರಣ ಘಟಕ ತೆರೆಯಿತು. ಮೈಸೂರು ರಸ್ತೆಯ ಇಂದಿನ ಅದರ ದೊಡ್ಡ ಕೇಂದ್ರದ ಬೇರು ಆ ಸಣ್ಣ ಘಟಕದಲ್ಲೇ ಇದೆ. ಊರಿನ ಕಾರ್ಖಾನೆಗಳ ಪಾಲಿಗೆ ಅದೊಂದು ಭಾಗ್ಯ.

ಓದಿ ಬಿಡಬೇಡಿ, ಒಂದು ಚಾರ್ಟ್ ಎಳೆದು ನೋಡಿ. ಯಂತ್ರವೇ ಬೇಕೆಂದಿಲ್ಲ. ಡೇರಿಗೆ ಹಾಲು ಹಾಕುವ ಮನೆಯಾದರೆ ಪುಸ್ತಕದಲ್ಲಿ ದಿನದ ಫ್ಯಾಟ್ ಬರೆದಿರುತ್ತದೆ. ಇಪ್ಪತ್ತು ದಿನದ ಅಂಕಿ ಸಾಲಾಗಿ ಇಡಿ. ಒಂದು ದಿನಕ್ಕೂ ಮರುದಿನಕ್ಕೂ ಇರುವ ಅಂತರ ಬರೆದು, ಆ ಅಂತರಗಳ ಸರಾಸರಿ ತೆಗೆದು, 2.66ರಿಂದ ಗುಣಿಸಿ. ಫ್ಯಾಟಿನ ಸರಾಸರಿ 4.2, ಅಂತರದ ಸರಾಸರಿ 0.1 ಬಂತೆನ್ನಿ, ಮಿತಿಗಳು ಹತ್ತಿರ ಹತ್ತಿರ 3.93 ಮತ್ತು 4.47. ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದು, ಒಂದೊಂದೇ ಚುಕ್ಕಿ ಇಟ್ಟು, ನಡುವೆ ಪೆನ್ಸಿಲ್ ಎಳೆಯುತ್ತಾ ಹೋಗಿ. ಹಸುವಿನ ಲಯ ಕಣ್ಣೆದುರು ಬಿಚ್ಚಿಕೊಳ್ಳುವ ಸುಖವನ್ನು ಅನುಭವಿಸಿ. ಆಮೇಲೆ 4.0 ಬಂದ ದಿನ ಹಿಂಡಿ ಬದಲಿಸಬೇಕಾಗಿಲ್ಲ. 3.8 ಬಂದ ದಿನ ಕೊಟ್ಟಿಗೆಗೆ ಹೋಗಿ, ಮೇವು ಏನಾಯಿತು, ಹಾಲು ಕರೆದದ್ದು ಯಾರು, ಕರು ಎಷ್ಟು ಕುಡಿಯಿತು ಎಂದು ವಿಚಾರಿಸಬೇಕು.